ಎದೆಗೆ ಹೋಗುವ ಕೈ

ನನ್ನ ಗಂಡ ಸೋಮಶೇಖರಪ್ಪನವರು ಸಿನಿಮಾದಲ್ಲಿ ಬೀಳುವ ಕೆಲಸ ಮಾಡುತ್ತಿದ್ದರು. ಬರೆಯುವಾಗ ಬೇರೆ ದಾರಿ ಇಲ್ಲವೆಂದು ಹೆಸರು ಹಾಕಿದ್ದೇನೆ, ಬಾಯಲ್ಲಿ ಎಂದೂ ಹೇಳಿದವಳಲ್ಲ. ನಮ್ಮೂರು ಅಜ್ಜಂಪುರದಲ್ಲಿ ಇವರ ಕೆಲಸ ಇಂಥದ್ದೆಂದು ಯಾರಿಗೆ ಹೇಳಿದರೂ ನಗುತ್ತಿದ್ದರು. ಸಿನಿಮಾದಲ್ಲಿ ಹಾಡುತ್ತಾರೆ ಅಂದರೆ ನಂಬುವ ಜನ, ಬೀಳುತ್ತಾರೆ ಅಂದರೆ ನಂಬುತ್ತಿರಲಿಲ್ಲ.

ಹೀರೋ ಬಂಡೆಯ ಮೇಲಿಂದ ಹಾರುತ್ತಾನಲ್ಲ, ಓಡುವ ರೈಲಿನಿಂದ ಉರುಳುತ್ತಾನಲ್ಲ, ಅವನು ಹೀರೋ ಅಲ್ಲ. ಹೀರೋನ ಅಂಗಿ ತೊಟ್ಟ ಇನ್ನೊಬ್ಬ. ಅವನಿಗೆ ಡೂಪ್ ಎನ್ನುತ್ತಾರೆ. ಡೂಪ್‌ನ ಮುಖ ಪರದೆಯ ಮೇಲೆ ಕಾಣಬಾರದು. ಮನೆಯ ಈರುಳ್ಳಿ ಲೋಡಿನ ಜೊತೆ ಮದರಾಸಿಗೆ ಹೋಗಿದ್ದ ಇವರು ಲಾರಿಯ ನೆತ್ತಿಯಿಂದ ಧುಮುಕಿದ್ದನ್ನು ಯಾರೋ ಫೈಟ್ ಮಾಸ್ಟರ್ ನೋಡಿದನಂತೆ. ಎಪ್ಪತ್ತಮೂರರಲ್ಲಿ ಹಾಗೆ ಹೋದವರು ಅಲ್ಲೇ ನಿಂತರು. ವರ್ಷಕ್ಕೊಮ್ಮೆ ಬಂದು ಹದಿನೈದು ದಿನ ಇರುತ್ತಿದ್ದರು. ಮಿಕ್ಕ ದಿನಗಳಲ್ಲಿ ನನಗೆ ಗಂಡ ಸಿಗುತ್ತಿದ್ದದ್ದು ಪರದೆಯ ಮೇಲೆ, ಅದೂ ಬೆನ್ನು ಮಾತ್ರ.

ಆದರೂ ಗುರುತು ಸಿಗುತ್ತಿತ್ತು. ನಮ್ಮಲ್ಲಿ ಎದೆಯ ಮೇಲೆ ಲಿಂಗ ಧರಿಸುತ್ತೇವೆ. ಪ್ರಾಣ ಹೋದರೂ ಅದು ಮೈಯಿಂದ ಜಾರಬಾರದು. ಶೂಟಿಂಗ್ ಹೊತ್ತಿಗೆ ಬಿಚ್ಚಿಡು ಅಂದರೆ ಇವರು ಕೇಳಲಿಲ್ಲವಂತೆ. ಬಟ್ಟೆಯಲ್ಲಿ ಸುತ್ತಿ ಹೀರೋನ ಅಂಗಿಯ ಒಳಗೆ ಕಟ್ಟಿಕೊಂಡರು. ಕಾಲು ನೆಲ ಬಿಟ್ಟ ಕೂಡಲೇ ಎಡಗೈ ತಾನಾಗಿ ಎದೆಗೆ ಹೋಗಿ ಅದನ್ನು ಹಿಡಿಯುತ್ತಿತ್ತು. ಜನ ಅದನ್ನು ಹೀರೋನ ಸ್ಟೈಲ್ ಅಂದುಕೊಂಡರು. ನಮ್ಮೂರ ಪಡ್ಡೆಗಳು ಕೆರೆಗೆ ಹಾರುವಾಗಲೂ ಎದೆ ಮುಟ್ಟಿಕೊಂಡು ಹಾರತೊಡಗಿದರು. ಮುಠ್ಠಾಳರಾ, ಅದು ನನ್ನ ಗಂಡನ ಕೈ ಎಂದು ಏರಿಯ ಮೇಲೆ ನಿಂತು ಬೈಯಬೇಕೆನ್ನಿಸುತ್ತಿತ್ತು.

ಹೊಸ ಫೈಟಿಂಗ್ ಪಿಕ್ಚರ್ ಕಡೂರಿಗೆ ಬಂದರೆ ಅಲ್ಲಿಗೆ ಹೋಗುತ್ತಿದ್ದೆ. ಅದು ತಪ್ಪಿದರೆ ತರೀಕೆರೆ, ಎರಡೂ ತಪ್ಪಿದರೆ ನಮ್ಮೂರ ಟೆಂಟು. ಅತ್ತೆ ವಿಶಾಲಾಕ್ಷಮ್ಮನೂ ಬರುತ್ತಿದ್ದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪರದೆ ಇರುವ ಕಡೆ ಬೆಳಕು ಇದೆ ಎಂಬುದಷ್ಟೇ ಅವರಿಗೆ ತಿಳಿಯುತ್ತಿತ್ತು. ಜನ ಸಿಳ್ಳೆ ಹಾಕಿದಾಗ ನನ್ನ ಮೊಣಕೈ ಹಿಡಿಯುತ್ತಿದ್ದರು.

"ಬಿದ್ನಾ?"

"ಬಿದ್ರು, ಅತ್ತೆ."

"ಎದ್ನಾ?"

"ಎದ್ರು, ಅತ್ತೆ."

ಬಿದ್ದದ್ದು ನಿಜ. ಎದ್ದದ್ದು ಮಾತ್ರ ನನ್ನ ಸುಳ್ಳು. ಇವರು ನೆಲ ಮುಟ್ಟಿದ ತಕ್ಷಣ ಪರದೆಯ ಮೇಲೆ ಬೇರೆ ದೃಶ್ಯ ಬರುತ್ತದೆ. ಅಂಗಿಯ ಧೂಳು ಕೊಡವಿ ಏಳುವವನು ಹೀರೋ, ಅವನ ಕ್ರಾಪು ಕೂಡ ಕೆದರಿರುವುದಿಲ್ಲ. ಕೆಳಗೆ ಬಿದ್ದ ನನ್ನ ಗಂಡ ಎದ್ದರೋ, ಯಾರಾದರೂ ಹೊತ್ತುಕೊಂಡು ಹೋದರೋ, ಯಾವ ಪಿಕ್ಚರೂ ತೋರಿಸಲಿಲ್ಲ. ಒಂದೇ ಪಿಕ್ಚರನ್ನು ಮೂರು ಸಲ ನೋಡಿದ್ದೇನೆ, ಈ ಸಲವಾದರೂ ಮರೆತು ತೋರಿಸಿಬಿಡುತ್ತಾರೇನೋ ಎಂಬ ಹುಚ್ಚು ಆಸೆಯಿಂದ. ಇವರು ಏಳುವುದನ್ನು ಒಂದು ಸಲ ಕಣ್ತುಂಬ ನೋಡಿದರೆ ಸಾಕಾಗಿತ್ತು ನನಗೆ.

ಎಪ್ಪತ್ತೆಂಟರಲ್ಲಿ ಬಂದಾಗ ಎಡಗಾಲು ಎಳೆಯುತ್ತಿದ್ದರು. ಮಂಡಿ ಬಾತಿತ್ತು. ಬಿಸಿನೀರು ಹಾಕುತ್ತಾ ಹಾಕುತ್ತಾ ನನಗೆ ಸಿಟ್ಟು ನೆತ್ತಿಗೇರಿತು. ನನ್ನ ನಾಲಿಗೆ ಮೊದಲಿಂದಲೂ ಹಾಗೇ.

"ಇನ್ನೊಬ್ರ ಅಂಗಿ ಹಾಕ್ಕಂಡು ಬೀಳೋದೂ ಒಂದು ಬದುಕೇನ್ರಿ? ನಿಮ್ ಜಾಗಕ್ಕೆ ಒಂದು ಹುಲ್ಲಿನ ಬೊಂಬೆ ಸಾಕು," ಎಂದೆ.

ಇವರು ಸಿಟ್ಟಾಗಲಿಲ್ಲ. "ಬೊಂಬೇನೂ ಎಸೀತಾರೆ ಕಣೇ, ಹತ್ರದಿಂದ ತೋರಿಸ್ದೇ ಇದ್ರೆ. ಆದ್ರೆ ಬೊಂಬೆಗೆ ಹೆದ್ರಿಕೆ ಇಲ್ಲ ನೋಡು, ಅದು ಬಿದ್ರೆ ಜನ ನಗ್ತಾರೆ."

"ಹಂಗಾದ್ರೆ ಬೊಂಬೆ ಬಂದ ದಿನಾನೇ ಮನೆಗೆ ಬನ್ನಿ."

"ಆಯ್ತು," ಎಂದರು. ಮಾರನೇ ದಿನ ಬೀರೂರಿನ ಬಸ್ಸು ಹತ್ತಿದವರು ಮತ್ತೆ ಬರಲಿಲ್ಲ. ದೀಪಾವಳಿಗೊಂದು ಕಾರ್ಡು ತಾಯಿಯ ಹೆಸರಿಗೆ ಬರುತ್ತಿತ್ತು. ಮೂರು ವರ್ಷ ಕಳೆದ ಮೇಲೆ ಅದೂ ನಿಂತಿತು. ಇದ್ದ ವಿಳಾಸಕ್ಕೆ ನಾನು ಬರೆದ ಕಾಗದಗಳು ವಾಪಸ್ ಬಂದವು.

ಆ ಬೊಂಬೆಯ ಮಾತಾದಂದಿನಿಂದ ಪಿಕ್ಚರ್‌ನಲ್ಲಿ ಊರಿನವರು ಬಯಸುವುದು ಒಂದು, ನಾನು ಬಯಸುವುದು ಇನ್ನೊಂದಾಯಿತು. ತರೀಕೆರೆಯಲ್ಲಿ ನೋಡಿದ ಒಂದು ಪಿಕ್ಚರ್‌ನಲ್ಲಿ ಹೀರೋ ಮೋಟರ್ ಸೈಕಲ್ ಮೇಲೆ ಸುಮ್ಮನೆ ಕುಳಿತಿದ್ದ, ಹಿಂದೆ ಬೆಟ್ಟಗಳು ಓಡುತ್ತಿದ್ದವು. ಬೆಟ್ಟದ ಚಿತ್ರವನ್ನು ಬೇರೆ ತೆಗೆದು ಹಿಂದಿನ ಪರದೆಯ ಮೇಲೆ ಬಿಡುತ್ತಾರಂತೆ. ನಮ್ಮ ಪಕ್ಕದ ಮನೆಯ ರೇವಣಪ್ಪ ಬಸ್ಸಿನಲ್ಲಿ ಊರು ಬರುವವರೆಗೂ ಗೊಣಗಿದ. "ಬರೀ ಟ್ರಿಕ್ಕು ಕಣ್ರಕ್ಕಾ. ನಿಜವಾಗಿ ಬಿದ್ದು ಎದ್ರೆ ತಾನೇ ಮಜಾ." ನನಗೋ ಹೋಳಿಗೆ ತಿಂದಷ್ಟು ಖುಷಿ. ಇಂಥ ಟ್ರಿಕ್ಕು ಬರಲಿ, ಇನ್ನೂ ಬರಲಿ, ಎಲ್ಲಾ ಸುಳ್ಳೇ ಆಗಲಿ ಎಂದು ಶಿವಪೂಜೆ ಮಾಡುವಾಗಲೂ ಬೇಡಿಕೊಳ್ಳುತ್ತಿದ್ದೆ. ಆದರೆ ಅದೇ ಪಿಕ್ಚರ್‌ನ ಕೊನೆಯಲ್ಲಿ ಸೇತುವೆಯಿಂದ ಒಬ್ಬ ಹಾರಿದ್ದ, ಎಡಗೈ ಎದೆಗೆ ಹೋಗಿತ್ತು. ಬದುಕಿದ್ದಾರೆ ಎಂದು ಒಂದು ಕಡೆ ಸಮಾಧಾನವಾಗಿತ್ತು, ಇನ್ನೂ ಬೀಳುತ್ತಿದ್ದಾರೆ ಎಂದು ಇನ್ನೊಂದು ಕಡೆ ಸಂಕಟವಾಗಿತ್ತು.

ಎಂಬತ್ತಮೂರರ ಬೇಸಿಗೆಯಲ್ಲಿ ನಮ್ಮ ಟೆಂಟಿಗೆ ಒಂದು ಪಿಕ್ಚರ್ ಬಂತು. ಹೀರೋ ಕೋಟೆಯ ತುದಿಯಿಂದ ಬೀಳಬೇಕು. ಬಿದ್ದ. ಎರಡು ಕೈಯೂ ಅಗಲಕ್ಕೆ ಚಾಚಿಕೊಂಡು ಗಾಳಿಯಲ್ಲಿ ಗಿರಗಿರ ತಿರುಗಿ, ಕಲ್ಲಿಗೆ ಬಡಿದು, ಮೂಟೆಯ ಹಾಗೆ ಪುಟಿಯಿತು. ಟೆಂಟಿಗೆ ಟೆಂಟೇ ಹೋ ಎಂದು ನಕ್ಕಿತು. "ಬೊಂಬೆ ಕಣ್ರೋ, ಬೊಂಬೆ!"

ಅತ್ತೆ ಮೊಣಕೈ ಹಿಡಿದರು. "ಬಿದ್ನಾ?"

"ಇಲ್ಲ, ಅತ್ತೆ. ಇವತ್ತು ಅವ್ರು ಬೀಳ್ಲಿಲ್ಲ."

ಅತ್ತೆ ಮೊಣಕೈ ಬಿಡಲಿಲ್ಲ. ಮೆಲ್ಲಗೆ ಕೇಳಿದರು: "ಹಂಗಾದ್ರೆ ಎಲ್ಲಿದಾನೆ?"

ಐದು ವರ್ಷ ಬೇಡಿದ್ದು ಸಿಕ್ಕಿತ್ತು, ಆದರೆ ಆ ಪ್ರಶ್ನೆಗೆ ಎರಡು ಉತ್ತರವಿತ್ತು. ಮನೆಗೆ ಹೊರಟಿದ್ದರೆ ಸರಿ. ಇಲ್ಲದಿದ್ದರೆ, ಬೀಳುವ ಮನುಷ್ಯನೇ ಇಲ್ಲವಾಗಿ ಬೊಂಬೆಯನ್ನು ಎಸೆದಿದ್ದರೆ? ಅವತ್ತಿನಿಂದ ದಿನವೂ ಒಂದು ಪಾವು ಅಕ್ಕಿ ಹೆಚ್ಚಿಗೆ ಹಾಕಿದೆ. ಬೀರೂರಿನ ಬಸ್ಸು ಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಮೂರು ತಿಂಗಳು ಹೀಗೇ ಕಳೆಯಿತು.

ಬಂದರು. ಒಂದು ಟ್ರಂಕು, ಅರ್ಧ ನರೆತ ತಲೆ, ಮಡಚಲು ಬಾರದ ಎಡಮಂಡಿ. ಹೊಸ್ತಿಲಾಚೆ ನಿಂತು, "ಬೊಂಬೆ ಬಂತು ಕಣೇ. ಬಂದೆ," ಎಂದರು.

ನಾನಾಡಿದ ಮಾತನ್ನು ನನಗೇ ತಂದು ಒಪ್ಪಿಸಿದ ಹಾಗಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅತ್ತೆ ಕೈಯಿಂದ ತಡವಿ ತಡವಿ ಮಗನ ಮುಖ ನೋಡಿದರು.

ಆಮೇಲೆ ಇವರು ಪೇಟೆಯ ಈರುಳ್ಳಿ ಮಂಡಿಗೆ ಹೋಗಿ ಚೀಲಗಳ ನಡುವೆ ಸುಮ್ಮನೆ ಕೂರುತ್ತಿದ್ದರು. ಸಂಜೆ ಜಗಲಿಯಲ್ಲಿ ಕೂತಾಗ ಟೆಂಟಿನ ಕಡೆಯಿಂದ ಸಿಳ್ಳೆ ಕೇಳಿದರೆ ಎದ್ದು ಒಳಗೆ ಬರುತ್ತಿದ್ದರು. ನನ್ನ ಮೇಲೆ ಒಂದು ಮಾತು ರೇಗಿದ್ದರೂ ಹಗುರಾಗುತ್ತಿತ್ತು, ರೇಗಲಿಲ್ಲ. ಮನೆಯಲ್ಲೇ ಇದ್ದ ಮನುಷ್ಯನಿಗಾಗಿ ನಾನು ಇನ್ನೂ ಕಾಯುತ್ತಿದ್ದೆ. ಒಂದು ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದವರ ಮುಂದೆ ಹೋಗಿ ನಿಂತೆ.

"ಒಂದ್ಸಲ ಬೀಳ್ರಿ."

"ಯಾಕೆ, ನಗೋದು ಇನ್ನೂ ಬಾಕಿ ಇದೆಯಾ?"

"ನೀವು ಏಳೋದನ್ನ ನೋಡ್ಬೇಕು ನಾನು. ಹತ್ತು ವರ್ಷ ಬರೀ ಬೀಳೋದೇ ನೋಡಿದೀನಿ. ಎದ್ರು ಎದ್ರು ಅಂತ ಅತ್ತೆಗೆ ಸುಳ್ಳು ಹೇಳಿ ಹೇಳಿ ಸಾಕಾಗೈತೆ," ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು.

ಇವರು ಬಾಯಿ ಮುಕ್ಕಳಿಸಿದರು. "ಬೀಳೋಕೆ ಈಗ್ಲೂ ಆಗುತ್ತೆ. ಮಂಡಿ ಕೈಕೊಡೋದು ಏಳುವಾಗ," ಎಂದರು. ಮುಖ ತೊಳೆದುಕೊಂಡು ಗೋಡೆಯ ಬುಡದಲ್ಲಿ ಹುಲ್ಲು ಹರವಿದರು, ಮೇಲೆ ಗೋಣಿಚೀಲ, ಅದರ ಮೇಲೆ ಮತ್ತೆ ಹುಲ್ಲು. ಕಲ್ಲಿದೆಯೇ ಎಂದು ಅಂಗೈಯಿಂದ ಸವರಿ ನೋಡಿದರು. ಆಮೇಲೆ ಆಳೆತ್ತರದ ಗೋಡೆಯನ್ನು ಕಷ್ಟಪಟ್ಟು ಹತ್ತಿ ನನ್ನ ಕಡೆಗೆ ಮುಖ ಮಾಡಿ ನಿಂತರು.

ಕಾಲು ಗೋಡೆ ಬಿಟ್ಟಿತು, ಎಡಗೈ ಎದೆಗೆ ಹೋಯಿತು. ಆ ಕೈ ನನಗೆ ಗೊತ್ತಿತ್ತು. ಮುಖ ಗೊತ್ತಿರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿತ್ತು, ತುಟಿ ಅದುರುತ್ತಿತ್ತು. ಪ್ರತಿ ಸಲವೂ ಇಷ್ಟು ಹೆದರಿದ್ದರು ಇವರು, ನಾನು ಬೊಂಬೆ ಸಾಕು ಅಂದಿದ್ದೆ.

ಬಲಭುಜ ಕೊಟ್ಟು ಉರುಳಿ ಅಂಗಾತ ಬಿದ್ದರು. ಅಲ್ಲಾಡಲಿಲ್ಲ. ನಾನು ಓಡಲಿಲ್ಲ, ನಿಂತೇ ಇದ್ದೆ.

ಒಳಗಿಂದ ಅತ್ತೆ ಕೂಗಿದರು. "ಏನೇ ಅದು ಸದ್ದು? ಬಿದ್ನಾ?"

"ಬಿದ್ರು, ಅತ್ತೆ."

ಇವರು ಬಲ ಅಂಗೈ ಊರಿದರು. ಒಂದು ಸಲ ಜಾರಿತು. ಮತ್ತೆ ಊರಿ, ಬಲಮಂಡಿಯ ಮೇಲೆ ಭಾರ ಹಾಕಿ, ಗೋಡೆ ಹಿಡಿದು ನೆಟ್ಟಗೆ ನಿಂತರು. ಕೂದಲಲ್ಲಿ ಹುಲ್ಲು ಸಿಕ್ಕಿಕೊಂಡಿತ್ತು.

"ಎದ್ನಾ?"

ನಾನು ಹೋಗಿ ಆ ಹುಲ್ಲನ್ನು ಒಂದೊಂದಾಗಿ ತೆಗೆಯುತ್ತಿದ್ದೆ. ಅತ್ತೆ ಇನ್ನೊಂದು ಸಲ ಕೇಳಬೇಕಾಯಿತು.

"ಎದ್ರು, ಅತ್ತೆ."