ಅಂಗಡಿಯಿಂದ ಬಂದ ಮಗಳು

"ವೈರು ಕೀಳಬೇಡ," ಎಂದ ಡ್ರೈವರಣ್ಣ.

ತಂಗಿಯ ಮಗನ ಕೈ ಆಗಲೇ ಫೋಟೊ ಫ್ರೇಮಿನ ಹಿಂದಕ್ಕೆ ಹೋಗಿತ್ತು. ಅವನು ಎಲೆಕ್ಟ್ರಿಷಿಯನ್, ಕಣ್ಣು ಕಟ್ಟಿ ಬಿಟ್ಟರೂ ಪ್ಲಗ್ಗು ಹುಡುಕುವ ಬೆರಳು ಅವನವು. ಕೈ ಹಾಗೇ ನಿಂತಿತು.

"ಒಂದೇ ನಿಮಿಷ ಮಾವ. ಅತ್ತೆ ಫೋಟೊ ಹಾಕಿಬಿಡ್ತೀನಿ. ಚೆನ್ನಾಗಿರೋವು ಮೂರ್ನಾಕು ಅಮ್ಮನ ಫೋನಲ್ಲಿ ಸಿಕ್ಕಿವೆ, ಕಾರ್ಡಿಗೆ ಹಾಕ್ಕೊಂಡಿದೀನಿ."

"ಹಾಕು. ಇರೋದೂ ಇರಲಿ."

"ಇದರಲ್ಲಿ ಜಾಗ ಇಲ್ಲ ಮಾವ, ಹಳೇ ಪೀಸು. ಒಳಗಿರೋದನ್ನ ಅಳಿಸಿದ್ರೇನೇ ಹೊಸದು ಹತ್ತೋದು."

"ಹಾಗಾದ್ರೆ ಬೇಡ."

ಡ್ರೈವರಣ್ಣನ ತೀರಿಹೋದ ಹೆಂಡತಿಯನ್ನು ನಡುಮನೆಯಲ್ಲಿ ಮಂಚದ ಮೇಲೆ ಮಲಗಿಸಿದ್ದರು. ತಲೆದೆಸೆಯ ಮೇಜಿನ ಮೇಲೆ ಆ ಫ್ರೇಮು. ಅದರೊಳಗೆ ಒಂದು ದೋಣಿ ಬರುತ್ತಿತ್ತು, ಹೋಗುತ್ತಿತ್ತು. ಹಿಂದೆಯೇ ಒಂದು ಬೆಟ್ಟ. ಆಮೇಲೆ ಹುಲ್ಲಿನ ಮೇಲೆ ನಾಲಿಗೆ ಚಾಚಿ ಕುಳಿತ ನಾಯಿ. ಅದರ ಬೆನ್ನಿಗೆ, ಕಿಟಕಿಯ ಬಳಿ ಬಟ್ಟಲು ಹಿಡಿದು ನಗುತ್ತಿರುವ ಹುಡುಗಿ. ಮತ್ತೆ ದೋಣಿ.

ಸತ್ತವಳಿಗೆ ಆ ಬೀದಿಯಲ್ಲಿ ಕಾಜಾ ಅಕ್ಕ ಎಂದೇ ಹೆಸರು. ದರ್ಜಿಗಳು ಹೊಲಿದ ಅಂಗಿಗಳು ಕಟ್ಟುಕಟ್ಟಾಗಿ ಅವಳ ಮನೆಗೆ ಬರುತ್ತಿದ್ದವು. ಬಟ್ಟೆಯಲ್ಲಿ ಗುಂಡಿ ತೂರುವ ಕಣ್ಣು, ಅದೇ ಕಾಜಾ, ಬಿಡಿಸಿ, ಅಂಚಿಗೆ ದಾರ ಸುತ್ತಿ, ಎದುರಿಗೆ ಗುಂಡಿ ಹಚ್ಚಿ ಕಳಿಸುತ್ತಿದ್ದಳು. ನಿನ್ನೆ ಸಂಜೆ ಒಂದು ಕಾಲರಿನ ಗುಂಡಿ ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿಯಲು ತಲೆ ಬಗ್ಗಿಸಿದವಳು ಮತ್ತೆ ಎತ್ತಲಿಲ್ಲ. ಅಷ್ಟು ಹಗುರವಾದ ಸಾವನ್ನು ದೇವರು ಎಲ್ಲರಿಗೂ ಕೊಡುವುದಿಲ್ಲ. ಆದರೆ ಹಗುರವೆಲ್ಲ ಹೋದವರಿಗೆ. ಉಳಿದವರ ಪಾಲಿಗೆ ಬರುವುದು ಭಾರವೇ. ಅವಳ ಬಲಗೈ ಹೆಬ್ಬೆರಳೂ ತೋರುಬೆರಳೂ ಈಗಲೂ ಸೂಜಿ ಹಿಡಿದಂತೆ ಒಂದಕ್ಕೊಂದು ತಾಗಿಕೊಂಡಿದ್ದವು. ಬಿಡಿಸಲು ತಂಗಿ ಎರಡು ಸಲ ನೋಡಿ ಕೈಬಿಟ್ಟಿದ್ದಳು.

"ಅಣ್ಣ, ಜನ ಬರೋ ಹೊತ್ತು," ಎಂದಳು ತಂಗಿ. ಬೆಳಗಿನ ಬಸ್ಸಿಗೆ ಬಂದಿಳಿದವಳು, ಬ್ಯಾಗಿನ್ನೂ ಬಾಗಿಲ ಹಿಂದೆಯೇ ಇತ್ತು. "ಅತ್ತಿಗೆ ತಲೆ ಹತ್ರ ನಾಯಿ, ದೋಣಿ ಅಂತ ಓಡ್ತಾ ಇದ್ರೆ ನೋಡಿದವರು ಏನಂತಾರೆ? ಸಾವಿನ ಮನೆಯೋ, ಟೀವಿ ಅಂಗಡಿಯೋ?"

ಡ್ರೈವರಣ್ಣ ಫ್ರೇಮಿನ ವೈರನ್ನು ಮೇಜಿನ ಹಿಂದಕ್ಕೆ ಸರಿಸಿದ.

ಎದುರುಮನೆ ಅಜ್ಜಿ ಗೋಡೆ ಹಿಡಿದು ಒಳಗೆ ಬಂದಳು. ಸತ್ತವಳ ಕಾಲ ಬಳಿ ಕುಕ್ಕರಿಸಿ ಕುಳಿತು ಪಾದ ನೇವರಿಸಿದಳು. "ನನ್ನ ಸ್ವೆಟರಿಗೆ ಗುಂಡಿ ಹಚ್ಕೊಡ್ತೀನಿ ಅಂತ ಇಸ್ಕೊಂಡೆಯಲ್ಲೇ ಮಾರಾಯ್ತಿ. ಒಂದು ಮಾತು ಹೇಳದೆ ಹೊರಟುಬಿಟ್ಯಲ್ಲ. ಇನ್ನು ನಾನು ಪಿನ್ನು ಚುಚ್ಕೊಂಡು ತಿರುಗಬೇಕೇನೇ?" ಎಂದು ನಕ್ಕಳು, ನಗು ಅರ್ಧಕ್ಕೇ ಅಳುವಾಯಿತು. ಸೆರಗಿನಲ್ಲಿ ಕಣ್ಣೊರೆಸಿ ತಲೆಯೆತ್ತಿದಾಗ ಎದುರಿಗೆ ಕಿಟಕಿಯ ಹುಡುಗಿ ಇದ್ದಳು.

"ಮಗಳಿಗೆ ತಿಳಿಸಿದ್ರೇನಪ್ಪ?"

"ಯಾವ ಮಗಳು?" ಎಂದಳು ತಂಗಿ.

"ಯಾವ ಮಗಳು ಅಂದ್ರೆ? ಇವರಿಗೇನು ಡಜನ್ ಮಕ್ಕಳಿದಾರಾ? ನೋಡಿ, ಇವಳೇ! ಸೋದರತ್ತೆ ಆಗಿ ನೀವು ಹೀಗೆ ಕೇಳ್ತೀರಲ್ಲಮ್ಮ."

ತಂಗಿ ಫ್ರೇಮಿನ ಕಡೆ ತಿರುಗುವಷ್ಟರಲ್ಲಿ ಹುಡುಗಿ ಹೋಗಿ ದೋಣಿ ಬಂದಿತ್ತು.

"ತಿಳಿಸಿದೀವಿ ಅಜ್ಜಿ," ಎಂದ ಡ್ರೈವರಣ್ಣ. ಹೇಳುವಾಗ ತಂಗಿಯ ಮುಖ ನೋಡಲಿಲ್ಲ.

* * *

ಆ ಫ್ರೇಮು ಮನೆಗೆ ಬಂದದ್ದು ಡ್ರೈವರಣ್ಣ ಬಸ್ಸಿನ ಕೆಲಸದಿಂದ ನಿವೃತ್ತನಾದ ವರ್ಷ. ಡಿಪೋದವರು ಬೀಳ್ಕೊಡುಗೆಯ ಫೋಟೊಗಳನ್ನೆಲ್ಲ ಬೆರಳುಗುರಿನಷ್ಟು ಚಿಕ್ಕ ಕಾರ್ಡಿನಲ್ಲಿ ಹಾಕಿ ಕೊಟ್ಟಿದ್ದರು. ಅದನ್ನು ನೋಡುವುದು ಹೇಗೆ ಎಂದು ಕೇಳಿದರೆ ತಂಗಿಯ ಮಗ, "ಡಿಜಿಟಲ್ ಫ್ರೇಮ್ ತಗೊಳ್ಳಿ ಮಾವ, ದೊಡ್ಡದೇ ತಗೊಳ್ಳಿ," ಎಂದಿದ್ದ.

ಗಂಡಹೆಂಡಿರು ಅಂಗಡಿಗೆ ಹೋದರು. ಒಂದು ಗೋಡೆಯ ತುಂಬ ಫ್ರೇಮುಗಳು, ಎಲ್ಲವೂ ಒಟ್ಟಿಗೆ ಚಿತ್ರ ಬದಲಿಸುತ್ತಿದ್ದವು. ಅವಳಿಗೆ ತಲೆ ಸುತ್ತಿದಂತಾಗಿ ಕೌಂಟರು ಹಿಡಿದುಕೊಂಡಳು. ಅಂಗಡಿಯವನು ಎಲ್ಲಕ್ಕಿಂತ ದೊಡ್ಡದನ್ನು ಇಳಿಸಿದ. ಡ್ರೈವರಣ್ಣನಿಗೆ ಅದರ ಗಾಜು ಮೆಚ್ಚುಗೆಯಾಯಿತು: ಬೆಳಕು ಎದುರಿಗೆ ಬಿದ್ದರೂ ಕಣ್ಣಿಗೆ ಹೊಡೆಯುವುದಿಲ್ಲ, ಒಳ್ಳೆಯ ಬಸ್ಸಿನ ಮುಂಗಾಜಿನ ಹಾಗೆ. ಇದಾಗಬಹುದೇ ಎಂದು ಕೇಳಲು ತಿರುಗಿದರೆ ಹೆಂಡತಿ ಪಕ್ಕದಲ್ಲಿಲ್ಲ.

ಅವಳು ಸಾಲಿನ ಕೊನೆಯಲ್ಲಿ, ಮರದ ಅಂಚಿನ ಒಂದು ಸಣ್ಣ ಫ್ರೇಮಿನ ಮುಂದೆ ನಿಂತಿದ್ದಳು. ಅದರಲ್ಲಿ ನಾಯಿ ಇತ್ತು.

"ಸ್ವಲ್ಪ ತಾಳಿ," ಎಂದಳು, "ಬರ್ತಾಳೆ."

ಬಂದಳು. ಇಪ್ಪತ್ತೈದರ ಆಸುಪಾಸಿನ ಹುಡುಗಿ. ಕೈಯಲ್ಲಿ ಬಟ್ಟಲು. ಯಾರೋ ಏನೋ ತಮಾಷೆ ಹೇಳಿದ್ದಕ್ಕೆ ನಕ್ಕಂತಿದ್ದಳು. ಎಡಹುಬ್ಬು ನಡುವೆ ಸೀಳಿ ಎರಡಾಗಿತ್ತು.

ಡ್ರೈವರಣ್ಣ ಫ್ರೇಮಿನ ಹತ್ತಿರಕ್ಕೆ ಮುಖ ತಂದ. ಅವರ ಮಗಳು ಹೊಸ್ತಿಲು ಎಡವಿ ಬಿದ್ದಾಗ ಹುಬ್ಬು ಸೀಳಿದ್ದು ಅಲ್ಲೇ, ಅಷ್ಟೇ ಅಗಲ. ಇನ್ನೂ ಶಾಲೆಗೆ ಸೇರಿಸಿರಲಿಲ್ಲ. ಸ್ಟುಡಿಯೋಗೆ ಹೋಗಿ ಒಂದು ಫೋಟೊ ತೆಗೆಸೋಣ ಎಂದು ಅವನು ಹೇಳಿದಾಗಲೆಲ್ಲ, ಹುಬ್ಬಿನ ಗಾಯ ಒಣಗಲಿ, ಆಮೇಲೆ ಹೋಗೋಣ ಎಂದು ತಡೆದವಳು ತಾಯಿ. ಗಾಯ ಒಣಗಿತು. ಜ್ವರ ಬಂತು. ಆ ಮಗುವಿನದೊಂದು ಚಿತ್ರ ಲೋಕದಲ್ಲಿ ಎಲ್ಲೂ ಇರಲಿಲ್ಲ.

"ಇದೇ ಬೇಕು," ಎಂದಳು ಅವಳು.

"ಅಮ್ಮ, ಅದು ತುಂಬಾ ಸಣ್ಣದು. ನಿಮ್ಮ ಫೋಟೊ ಜಾಸ್ತಿ ಹಿಡಿಸೊಲ್ಲ."

"ನಮ್ಮದು ಹಾಕಲ್ಲ."

ಅಂಗಡಿಯವನು ಡ್ರೈವರಣ್ಣನ ಮುಖ ನೋಡಿದ. ಅವನು ನೆಲ ನೋಡುತ್ತಿದ್ದ. ಸರಿ ಎಂದು ಒಳಗಿನಿಂದ ಸೀಲು ಒಡೆಯದ ಡಬ್ಬಿ ತಂದಿಟ್ಟರೆ ಅವಳು ಒಪ್ಪಲಿಲ್ಲ.

"ಇದು ಬೇಡ. ಅದನ್ನೇ ಕೊಡಿ, ಗೋಡೆ ಮೇಲಿರೋದು."

"ಅದು ಧೂಳು ಹಿಡಿದಿದೆ ಅಮ್ಮ. ಎಲ್ಲಾ ಒಂದೇ. ಅವೇ ಚಿತ್ರ ಎಲ್ಲದರಲ್ಲೂ ಕಂಪನಿಯವರೇ ಹಾಕಿ ಕಳಿಸಿರ್ತಾರೆ."

"ಧೂಳು ನಾನು ಒರೆಸ್ಕೋತೀನಪ್ಪ. ಅವಳನ್ನೇ ಕೊಡು."

ಅವಳನ್ನೇ ಎಂದದ್ದು ಅಂಗಡಿಯವನಿಗೆ ಕೇಳಿಸಿತೋ ಇಲ್ಲವೋ. ದಾರಿಯುದ್ದಕ್ಕೂ ಅವಳು ಫ್ರೇಮನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸು ಕುಲುಕಿದಾಗಲೆಲ್ಲ ಅದರ ಮೇಲೆ ಕೈಯಿಡುತ್ತಿದ್ದಳು. ಡ್ರೈವರಣ್ಣನಿಗೆ ಒಂದೇ ಯೋಚನೆ ಕೊರೆಯುತ್ತಿತ್ತು: ಅಂಗಡಿಯವನು ಹೇಳಿದ್ದು ನಿಜವಾದರೆ, ಈ ಹೊತ್ತಿಗೆ ಎಷ್ಟು ಮನೆಗಳಲ್ಲಿ ಇವಳು ನಗುತ್ತಿದ್ದಾಳೋ, ಎಷ್ಟು ಮನೆಗಳಲ್ಲಿ ಇವಳನ್ನು ಅಳಿಸಿ ಬೇರೆಯವರನ್ನು ಕೂರಿಸಿದ್ದಾರೋ.

* * *

ಸುಳ್ಳು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಮೊದಲು, ಯಾರಿದು ಎಂದು ಕೇಳಿದವರಿಗೆ "ನಮ್ಮ ಹುಡುಗಿ" ಎಂದಳು, ಅಷ್ಟೇ. ಮಗು ಹೋಗಿ ಎಷ್ಟೋ ವರ್ಷಗಳ ಮೇಲೆ, ನಿವೃತ್ತಿಯ ಹೊತ್ತಿಗೆ ಬಂದು ಸೇರಿದ ಬೀದಿ ಅದು; ಅಲ್ಲಿ ಅವರ ಹಿಂದಿನ ಕತೆ ಬಲ್ಲವರು ಯಾರೂ ಇರಲಿಲ್ಲ. ಅಂಗಿ ತರುವವರು ಕೇಳಿದ ಒಂದೊಂದು ಪ್ರಶ್ನೆಗೂ ಹುಡುಗಿ ಒಂದೊಂದು ಗೇಣು ಬೆಳೆದಳು. ದೂರದೂರಿನಲ್ಲಿ ನರ್ಸು. ಮಕ್ಕಳ ವಾರ್ಡು. ರಜೆ ಸಿಗುವುದು ಕಷ್ಟ. ಜ್ವರ ಬಂದ ಮಕ್ಕಳನ್ನು ನೋಡಿಕೊಳ್ಳುವುದೆಂದರೆ ಅವಳಿಗೆ ಎಲ್ಲಿಲ್ಲದ ಅಕ್ಕರೆ.

"ಮೂರು ವರ್ಷದಿಂದ ಇದೇ ಫೋಟೊ ನೋಡ್ತಿದೀನಿ. ಹೊಸದೊಂದು ಕಳಿಸು ಅನ್ನೇ," ಎನ್ನುತ್ತಿದ್ದಳು ಅಜ್ಜಿ.

"ಫೋಟೊ ತೆಗೆಸ್ಕೊಳ್ಳೋದು ಅಂದ್ರೆ ಅವಳಿಗೆ ಮೊದಲಿನಿಂದಲೂ ಆಗಿಬರಲ್ಲ ಅಜ್ಜಿ," ಎನ್ನುತ್ತಿದ್ದಳು ಇವಳು, ಸೂಜಿಗೆ ದಾರ ಪೋಣಿಸುತ್ತ.

ಡ್ರೈವರಣ್ಣ ಎಂದೂ ಬಾಯಿ ಬಿಟ್ಟು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆದರೆ ಒಂದು ಮಧ್ಯಾಹ್ನ ಮಾರುಕಟ್ಟೆಯಿಂದ ಬಂದವನು ಚಪ್ಪಲಿ ಬಿಡುತ್ತ, "ಫೋನು ಬಂದಿತ್ತಾ?" ಎಂದು ಕೇಳಿದ. ಯಾರ ಫೋನು ಎಂದು ಅವಳು ಕೇಳಲಿಲ್ಲ. "ಇಲ್ಲ, ಡ್ಯೂಟಿ ಇರಬೇಕು," ಎಂದಳು. ತನ್ನ ಪ್ರಶ್ನೆ ತನ್ನ ಕಿವಿಗೇ ಬಿದ್ದು ಅವನು ಒಂದು ಚಪ್ಪಲಿ ಕಾಲಲ್ಲಿರುವಂತೆಯೇ ನಿಂತುಬಿಟ್ಟ. ಬೀಳ್ಕೊಡುಗೆಯ ಕಾರ್ಡನ್ನು ಅವನು ಮುಂದೆಂದೂ ಹೊರಗೆ ತೆಗೆಯಲಿಲ್ಲ.

* * *

ತಂಗಿ ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

"ಏನಣ್ಣ ಇದು? ಟೈಲರ್ ಕೇಳ್ತಾನೆ ಮಗಳಿಗೆ ರಜೆ ಸಿಕ್ತಾ ಅಂತ. ಅವನ ಹೆಂಡತಿ ಕೇಳ್ತಾಳೆ ಮೊಮ್ಮಕ್ಕಳೆಷ್ಟು ಅಂತ. ನನಗೆ ತಲೆ ಕೆಟ್ಟಿತೋ, ಇವರಿಗೆ ಕೆಟ್ಟಿತೋ?"

"ಅವಳು ಹೇಳ್ಕೊಂಡಿದ್ದು."

"ಅತ್ತಿಗೆ ಹೇಳಿದ್ರು, ನೀನು ಕೋಲೆಬಸವನ ಹಾಗೆ ತಲೆಯಾಡಿಸಿದೆ." ತಂಗಿಯ ದನಿ ತಗ್ಗಿತು. "ಆ ಮಗು ಹೋಗಿದ್ದು ನನ್ನ ತೋಳಿನ ಮೇಲೆ ಕಣೋ. ನೀನು ಬಸ್ಸಲ್ಲಿದ್ದೆ. ಅತ್ತಿಗೆ ಬಟ್ಟೆ ಒದ್ದೆ ಮಾಡ್ಕೊಂಡು ಬರೋಕೆ ಹೋಗಿದ್ರು. ನಾನೊಬ್ಬಳೇ ಇದ್ದೆ. ಅದರ ಹೆಸರು ಅವತ್ತಿಂದ ನನ್ನ ಬಾಯಲ್ಲಿ ಬಂದಿಲ್ಲ. ಈಗ ಯಾವುದೋ ಕಂಪನಿ ಹುಡುಗೀನ ತೋರಿಸಿ ಅವಳೇ ಅನ್ನು ಅಂದ್ರೆ ನನ್ನ ನಾಲಿಗೆ ಹೊರಳಲ್ಲ. ದೇವರು ಮೆಚ್ಚೋ ಮಾತಾ ಇದು?"

"ದೇವರ ಮುಂದೇನೂ ಅವಳು ಅದನ್ನೇ ಹೇಳ್ತಿದ್ಲು. ದಿನಾ ಕೈಮುಗಿದು, ನನ್ನ ಮಗಳನ್ನ ಚೆನ್ನಾಗಿಟ್ಟಿರಪ್ಪಾ ಅಂತ. ಅವನಿಗೆಲ್ಲ ಗೊತ್ತಿತ್ತಲ್ಲ. ಸುಮ್ಮನಿರು ಅಂತ ಅವನು ಒಂದಿನಾನೂ ಅವಳಿಗೆ ಹೇಳಲಿಲ್ಲ."

ತಂಗಿ ಮುಖ ತಿರುಗಿಸಿದಳು.

"ಇವತ್ತೊಂದಿನ," ಎಂದ ಡ್ರೈವರಣ್ಣ. "ಮಣ್ಣು ಮಾಡೋವರೆಗೆ. ಆಮೇಲೆ ನೀನೇ ಬೀದಿ ತುಂಬ ಸಾರಿಕೊಂಡು ಬಾ. ಅವಳು ಇನ್ನೂ ಮನೇಲಿರೋವಾಗ, ಅವಳೆದುರಿಗೇ ಅವಳನ್ನ ಸುಳ್ಳಿ ಅಂತ ಅನ್ನಿಸಬೇಡ."

"ನಾನಾಗಿ ಹೇಳಲ್ಲ. ಆದ್ರೆ ಯಾರಾದ್ರೂ ನನ್ನ ಕೇಳಿದ್ರೆ ಇದ್ದದ್ದೇ ಹೇಳೋದು. ಸುಳ್ಳು ನನಗೆ ಬರಲ್ಲ ಅಣ್ಣ. ನಿನಗೇ ಗೊತ್ತು."

ಅವನಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ತಂಗಿಯ ಸತ್ಯಕ್ಕೆ ಅವನು ತಿಂದ ಏಟುಗಳಿಗೆ ಲೆಕ್ಕವಿರಲಿಲ್ಲ.

ಹೊರಗೆ ವಾಹನ ಬಂದು ನಿಂತ ಸದ್ದಾಯಿತು.

* * *

ಪ್ರಾರ್ಥನೆ ಹೇಳಿಸಿದ ಹಿರಿಯರು ಎದ್ದು ನಿಂತರು. ಹೊರುವವರು ಮಂಚದ ನಾಲ್ಕು ಮೂಲೆಗೆ ಬಂದರು. ಎಂಜಿನ್ನು ಬಾಗಿಲಲ್ಲಿ ಗುರುಗುಟ್ಟುತ್ತಿತ್ತು.

"ನೋಡಬೇಕಾದವರೆಲ್ಲ ನೋಡಿದ ಹಾಗಾಯಿತಲ್ಲ? ಎತ್ತಬಹುದೇ?" ಎಂದರು ಹಿರಿಯರು.

"ಎತ್ತೋದೇನು ಎತ್ತೋದು!" ಅಜ್ಜಿ ಕುಳಿತಲ್ಲಿಂದಲೇ ಕೈ ಅಡ್ಡ ಹಿಡಿದಳು. "ಮಗಳು ಬರೋದಿಲ್ವೇ? ಇರೋಳೊಬ್ಬಳು ಮಗಳು. ಅವಳಿಗೆ ಮುಖ ತೋರಿಸದೆ ತಾಯೀನ ಕಳಿಸ್ತೀರಾ? ಯಾವ ಸೀಮೆ ನ್ಯಾಯ ಇದು?"

ಟೈಲರೂ ದನಿಗೂಡಿಸಿದ. ಎಲ್ಲರೂ ಡ್ರೈವರಣ್ಣನ ಕಡೆ ನೋಡಿದರು. ಅವನು ಹೆಂಡತಿಯ ಮುಖ ನೋಡಿದ. ಅವಳ ತಲೆಯ ಹಿಂದೆ ಹುಡುಗಿ ನಗುತ್ತಿದ್ದಳು.

"ಹೊರಟಿದಾಳೆ," ಎಂದ. "ದಾರೀಲಿದಾಳೆ."

ಅಜ್ಜಿಗೆ ಆಗಲೇ ಕೊಟ್ಟ ಉತ್ತರ ಬಿಟ್ಟರೆ, ಮಗಳ ವಿಷಯದಲ್ಲಿ ಬೀದಿಯವರೆದುರು ಬಾಯಿಬಿಟ್ಟು ಅವನು ಆಡಿದ ಸುಳ್ಳು ಅದೊಂದೇ. ಆಡಿದ ಮೇಲೆ ಅದನ್ನು ನಿಲ್ಲಿಸುವ ಬ್ರೇಕು ಯಾವುದೂ ಅವನ ಕಾಲ ಕೆಳಗೆ ಇರಲಿಲ್ಲ. ವಾಹನದವನಿಗೆ ಯಾರೋ ಹೇಳಿದರು; ಎಂಜಿನ್ನು ನಿಂತಿತು. ಹೊರುವವರು ಗೋಡೆಗೆ ಒರಗಿದರು. ಬಾಗಿಲಲ್ಲಿದ್ದವರು, ಬರುವವಳಿಗೆ ಒಳಗೆ ಬರಲು ಜಾಗವಿರಲೆಂದು, ಎರಡೂ ಬದಿಗೆ ಸರಿದು ನಿಂತರು. ನಡುವೆ ಖಾಲಿ ದಾರಿ ಬಿದ್ದುಕೊಂಡಿತು. ಆ ದಾರಿಯನ್ನು ಎಲ್ಲರೂ ನೋಡುತ್ತಿದ್ದರು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಬೇರೆ ಯಾರೂ ಬರಲಿಲ್ಲ.

"ಹೊತ್ತಾಗುತ್ತಿದೆ," ಎಂದರು ಹಿರಿಯರು ಮೆಲ್ಲಗೆ. ಡ್ರೈವರಣ್ಣನನ್ನು ಮತ್ತೆ ಕೇಳಲು ಅವರಿಗೆ ಮನಸ್ಸಾಗಲಿಲ್ಲ. ತಂಗಿಯ ಕಡೆ ತಿರುಗಿದರು. "ನೀವು ಸೋದರತ್ತೆ ಅಲ್ಲವೇ ತಾಯಿ? ಒಂದು ಫೋನು ಮಾಡಿ ಕೇಳಿ, ಎಲ್ಲಿದಾಳೆ ಅಂತ."

ಡ್ರೈವರಣ್ಣ ಕಣ್ಣು ಮುಚ್ಚಿಕೊಂಡ.

"ಅಮ್ಮಾ..." ಎಂದ ತಂಗಿಯ ಮಗ.

ತಂಗಿ ಎಲ್ಲರನ್ನೂ ಒಂದು ಸಲ ನೋಡಿದಳು. ಅತ್ತಿಗೆಯನ್ನು ನೋಡಿದಳು, ಸೂಜಿ ಹಿಡಿದಂತಿದ್ದ ಆ ಎರಡು ಬೆರಳುಗಳನ್ನು. ಆಮೇಲೆ ಚೀಲದಿಂದ ಫೋನು ತೆಗೆದು, ಯಾವ ಗುಂಡಿಯನ್ನೂ ಒತ್ತದೆ, ಕಿವಿಗಿಟ್ಟುಕೊಂಡು ಬಾಗಿಲ ಕಡೆ ನಡೆದಳು.

"ಹಲೋ," ಎಂದಳು.

ಆಮೇಲೆ ಹೆಸರು ಹಿಡಿದು ಕರೆದಳು. ಆ ಹೆಸರು ಆ ಮನೆಯ ಗೋಡೆಗಳಿಗೆ ಹೊಸದು. ಡ್ರೈವರಣ್ಣ ಕಣ್ಣು ತೆರೆದ.

"ಎಲ್ಲಿದೀಯಮ್ಮ?... ನಾನು ಕಣೇ, ನಿನ್ನತ್ತೆ... ಹೂಂ... ಹೂಂ... ಅಮ್ಮ ಇಲ್ಲೇ ಇದಾರೆ. ಇಲ್ಲ, ನೋವೇನೂ ಆಗಲಿಲ್ಲವಂತೆ... ಹೌದಾ?... ಸರಿ ಪುಟ್ಟಾ."

ಹಿರಿಯರ ಕಡೆ ತಿರುಗಿದಳು. ಕೆನ್ನೆ ತೊಯ್ದಿತ್ತು, ದನಿ ಮಾತ್ರ ನೆಟ್ಟಗಿತ್ತು.

"ತಡ ಆಗತ್ತಂತೆ. ಕಾಯಬೇಡಿ, ಅಮ್ಮನ್ನ ಕರ್ಕೊಂಡು ಬನ್ನಿ ಅಂದ್ಲು."

ಕರೆದುಕೊಂಡು ಹೋಗಿ ಎನ್ನದೆ ಬನ್ನಿ ಎಂದದ್ದನ್ನು ಗಮನಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಅಜ್ಜಿ ನಿಟ್ಟುಸಿರು ಬಿಟ್ಟು ಕೈ ತೆಗೆದಳು. ತಂಗಿಯ ಮಗ ಅತ್ತೆಯ ಫೋಟೊಗಳಿದ್ದ ಕಾರ್ಡನ್ನು ಜೇಬಿಗೆ ಹಾಕಿಕೊಂಡು ಮಂಚದ ಒಂದು ಮೂಲೆಗೆ ಹೆಗಲು ಕೊಟ್ಟ. ಹೊರಗೆ ಎಂಜಿನ್ನು ಮತ್ತೆ ಹೊತ್ತಿತು.

ಡ್ರೈವರಣ್ಣ ಹೊಸ್ತಿಲು ದಾಟುವಾಗ ತಂಗಿ ಬಾಗಿಲ ಪಕ್ಕದಲ್ಲೇ ನಿಂತಿದ್ದಳು. ಫೋನನ್ನು ಇನ್ನೂ ಕೆಳಗಿಳಿಸಿರಲಿಲ್ಲ. ತಲೆ ಒಂದು ಕಡೆ ವಾಲಿಸಿ, ವಾಹನದ ಸದ್ದು ಅಡ್ಡ ಬರದಂತೆ ಇನ್ನೊಂದು ಕಿವಿಯನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು.