ಮುಂದಿನ ಗಾಲಿಗೆ ಬಂದ ರೀಬಟನ್ ಟೈರು

ಏನ್ರಯ್ಯಾ, ರಬ್ಬರಿಗೆ ಎಂಥಾ ನೆನಪು ಅಂತ ನಗ್ತೀರಾ? ಮೊನ್ನೆ ಉಂಡ ಸಾರು ಯಾವುದು ಅಂತ ನಿಮಗೇ ನೆನಪಿಲ್ಲ. ನಾನು ಉರುಳಿದ ರಸ್ತೆಯ ಒಂದೊಂದು ಗುಂಡಿನೂ ನನ್ನ ಮೈಮೇಲೆ ಐತೆ. ಬಾಯಿ ಮುಚ್ಕೊಂಡು ಕೇಳಿ.

ನಾನೊಂದು ಟೈರು. ಹುಟ್ಟಿದ್ದು ಕಬ್ಬಿಣದ ಅಚ್ಚಿನೊಳಗೆ, ಹಬೇಲಿ ಬೆಂದು. ಹೊಸದ್ರಲ್ಲಿ ಮೈತುಂಬ ಸಣ್ಣ ರಬ್ಬರ್ ಕೂದ್ಲು, ಯಾರಾದ್ರೂ ಕೈಯಾಡಿಸಿದ್ರೆ ಕಚಗುಳಿ. ಮೊದಲು ಒಂದು ಪ್ರೈವೇಟ್ ಬಸ್ಸಿನ ಮುಂದಿನ ಗಾಲಿ ಆಗಿದ್ದೆ. ಎಂಥಾ ಮರ್ಯಾದೆ ಅಂತೀರಿ! ಸವೆದು ನುಣ್ಣಗಾದ ಮೇಲೆ ಅದೇ ಡ್ರೈವರ್ರು ಕಾಲಲ್ಲಿ ಒದ್ದು ಇಳಿಸಿದ.

ಹಂಗೆ ಚಳ್ಳಕೆರೆ ದಸ್ತಗೀರ್ ಸಾಬ್ರ ಅಂಗಡಿಗೆ ಬಂದೆ. ಹಳೇ ಟೈರಿಗೆ ಹೊಸ ಬಟನ್ ಕೂರಿಸೋದು ಅವರ ಕೆಲಸ. ಬಟನ್ ಅಂದ್ರೆ ರಸ್ತೆ ಕಚ್ಚಿ ಹಿಡಿಯೋ ಮೇಲಿನ ಗಡ್ಡೆ ಗಡ್ಡೆ ರಬ್ಬರು. ನನ್ನ ಬೆನ್ನು ಕೆರೆದು, ಅಂಟು ಬಳಿದು, ಹೊಸ ಪಟ್ಟಿ ಸುತ್ತಿ ಮತ್ತೆ ಬೇಯಿಸಿದ್ರು. ಎಲ್ಲರಿಗೂ ಬಾಲ ಹಿಂದೆ ಇರುತ್ತೆ, ನಂಗೆ ಹೆಸರಿನ ಮುಂದೆ ಅಂಟ್ತು. ರೀ. ರೀಬಟನ್ ಟೈರು.

ಕೊಂಡೋನು ತಿಪ್ಪೇಶಣ್ಣ. ಸ್ವಂತ ಲಾರಿ, ತಾನೇ ಓಡಿಸ್ತಿದ್ದ.

"ತಿಪ್ಪೇಶಿ, ಹಿಂದ್ಗಡೆ ಜೋಡಿಗಾಲಿಗೆ ಹಾಕು. ಮುಂದಕ್ಕೆ ಮಾತ್ರ ಬೇಡ," ಅಂದ್ರು ಸಾಬ್ರು.

"ನಾನೇನು ನೆನ್ನೆ ಸ್ಟೇರಿಂಗ್ ಹಿಡಿದೋನಾ ಸಾಬ್ರೇ?"

ಹಿಂದೆ ಪಕ್ಕದಲ್ಲಿ ಇನ್ನೊಬ್ಬ ಇರ್ತಾನೆ, ನಾನು ಕೈಕೊಟ್ರೆ ಅವನು ಹೊರ್ತಾನೆ. ಮುಂದೆ ಹಂಗಲ್ಲ, ಒಂಟಿ.

ಒಂದಿನ ಅವನ ಹೆಂಡ್ತಿ ಮಾರಕ್ಕ ಲಾರಿ ನೆರಳಲ್ಲಿ ಕೂತು ಶೇಂಗಾ ಸುಲೀತಾ ಕೇಳಿದ್ಲು. "ಅದೇನು ಎಲ್ಲಾದಕ್ಕೂ ರೀ ಅಂತಾರೆ? ಮೊಬೈಲಿಗೆ ರೀಚಾರ್ಜು, ಸಿನಿಮಾಕ್ಕೆ ರೀಮೇಕು, ನಿನ್ ತಂಗಿ ಮಗಳಿಗೆ ರೀಎಕ್ಸಾಮು, ಈಗ ಟೈರಿಗೂ!"

"ರೀ ಅಂದ್ರೆ ಮತ್ತೆ ಅಂತ ಕಣೇ. ಯಾವ ಮಾತಿನ ಮುಂದೆ ಅಂಟಿಸ್ತಾರೋ ಆ ಕೆಲಸ ಇನ್ನೊಂದು ಸಲ ಆಯ್ತು ಅಂತ. ಕೆಲವು ಕಡೆ ವಾಪಸ್ಸು ಅಂತಾನೂ ಆಗುತ್ತೆ. ರಿಟರ್ನ್ ಲೋಡು ಅನ್ನಲ್ವಾ?"

"ಹಂಗಾದ್ರೆ ನಿನ್ನ ಬೋಳು ಮಂಡೆಗೂ ಒಂದು ಹಾಕ್ಸು, ಕೂದ್ಲು ಬರ್ಲಿ!"

ಅವನು ನಕ್ಕ. ನಂಗೆ ನಗು ಬರ್ಲಿಲ್ಲ. ಮತ್ತೆ ಅಂದ್ರೆ ಹೊಸದು ಅಂತ ಅಲ್ಲ ಕಣ್ರಪ್ಪಾ. ಎಕ್ಸಾಮು ಮತ್ತೆ ಬರೆದ್ರೂ ತಲೆ ಅದೇ. ನನ್ನ ಚರ್ಮ ಹೊಸದು, ಒಳಗಿನ ನೂಲು ಬಸ್ಸಿನ ಕಾಲದ್ದು.

ಆಯುಧಪೂಜೆ ಬಂತು. ಲಾರಿ ತೊಳೆದು, ಮುಂದಿನ ಎರಡೂ ಕಡೆ ಬಾಳೆಕಂದು ಕಟ್ಟಿದ. ನೋಡ್ತಾನೆ, ಮುಂದಿನ ಬಲಗಾಲಿ ಸವೆದು ಬೆಳ್ಳಗಾಗೈತೆ. ಹಿಂದೆ ನಾನು ಕರ್ರಗೆ ಮಿರಮಿರ ಅಂತಿದ್ದೀನಿ. "ಪೂಜೆ ದಿನ ಲಾರಿ ಮುಖ ಚೆನ್ನಾಗಿ ಕಾಣ್ಬೇಕು, ನಾಳೆ ಬದಲಾಯ್ಸಿದ್ರಾಯ್ತು," ಅಂತ ನನ್ನ ಬಿಚ್ಚಿ ಮುಂದಕ್ಕೆ ಹಾಕ್ದ. ಕುಂಕುಮ ಹಚ್ಚಿದ. ನಿಂಬೆಹಣ್ಣು ನನ್ನ ಕೆಳಗೇ ಇಟ್ಟು ಹತ್ತಿಸಿದ.

ಮಾರನೇ ದಿನ ಶೇಂಗಾ ಹಿಂಡಿ ಲೋಡು ಬಂತು, ಘಾಟಿ ಇಳಿದು ಕರಾವಳಿಗೆ ಹೋಗ್ಬೇಕು. "ಗಾಲಿ ಬದಲಾಯ್ಸಲ್ವಾ?" ಅಂದ್ಲು ಮಾರಕ್ಕ.

"ಪೂಜೆ ಮಾಡಿದ ಗಾಲೀನ ಒಂದು ಟ್ರಿಪ್ಪೂ ಹೋಗದೇ ಬಿಚ್ತಾರೇನೇ? ಬಂದ್ಮೇಲೆ ನೋಡಣ."

ಹೊರಟ್ವಿ. ಹಿಂಡಿ ಭಾರ, ಸುಡೋ ಟಾರು, ನಾನು ಒಂಟಿ. ಘಾಟಿ ಇನ್ನೂ ಶುರು ಆಗಿರಲಿಲ್ಲ, ಬೆನ್ನಲ್ಲಿ ಅಂಟು ಬಿಡೋಕೆ ಶುರು ಆಯ್ತು. ಪಟಪಟ ಬಡಕೊಂಡೆ. ನಿಲ್ಸೋ ತಿಪ್ಪೇಶಣ್ಣ, ನಿಲ್ಸೋ! ಬಾಯಿಲ್ಲದೋನು ಇನ್ನೇನು ಮಾಡ್ಲಿ? ಟೀ ಅಂಗಡಿ ಹತ್ರ ನಿಲ್ಲಿಸಿ ಇಳಿದ. ಕಾಲಲ್ಲಿ ಒದ್ದು ನೋಡ್ದ. ಗಾಳಿ ಗಟ್ಟಿ ಐತೆ. ಕುಂಕುಮ ಕಣ್ಣಿಗೆ ಬಿತ್ತು, ಒದ್ದ ತಪ್ಪಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡ. "ಕಾಪಾಡು ತಾಯಿ" ಅಂದ. ಯಾರಿಗೆ ಹೇಳ್ದ? ನಂಗೆ! ಥೂ, ನನ್ನ ಜನ್ಮಕ್ಕಿಷ್ಟು.

ಘಾಟಿಯ ಮೂರನೇ ತಿರುವಲ್ಲಿ ಇಡೀ ಪಟ್ಟಿ ಕಿತ್ಕೊಂಡು ಹೋಯ್ತು. ಸ್ಟೇರಿಂಗು ಬಲಕ್ಕೆ ಎಳೀತು. ಅವನು ಎದ್ದು ನಿಂತು ಬ್ರೇಕ್ ತುಳಿದ, ನಾನು ರಸ್ತೆ ಹಿಡಿಯೋಕೆ ನೋಡ್ದೆ. ಹಿಡಿಯೋಕೆ ಬಟನ್ನೇ ಇರ್ಲಿಲ್ಲ. ಲಾರಿ ಅವನು ಕೂತಿದ್ದ ಕಡೆಯೇ ಬಂಡೆಗೆ ಗುದ್ದಿತು. ತಿಪ್ಪೇಶಣ್ಣ ಏಳಲಿಲ್ಲ.

ಮಾರಕ್ಕ ಬಂದ್ಲು. ಅಳಲಿಲ್ಲ. "ಹಿಂದಿದ್ದಿದ್ದು ಮುಂದಕ್ಕೆ ಬಂದಿದ್ದು ನಂಗೂ ಕಾಣ್ತು. ಬಿಚ್ಚಿಸಿಯೇ ಕಳಿಸ್ಬೇಕಿತ್ತು," ಅಂತ ಅದೊಂದೇ ಮಾತು ಅಂತಿದ್ಲು. ನಿಂದೇನೂ ತಪ್ಪಿಲ್ಲ ತಾಯೀ ಅಂತ ಹೇಳೋಕೂ ನನ್ನ ಕೈಲಾಗಲಿಲ್ಲ.

ಈಗ ಗುಜರಿ ನಾಗೇಂದ್ರಿ ಶೆಡ್ಡಲ್ಲಿ ಬಿದ್ದಿದ್ದೀನಿ. ನೆನ್ನೆ ನನ್ನ ತಿರುವಿ ಹಾಕಿ, "ಒಳಗೆ ಗಟ್ಟಿ ಐತೆ, ಇನ್ನೊಂದ್ಸಲ ಬಟನ್ ಹೊಡ್ಸಣ" ಅಂದ. ಹಳದಿ ಕ್ಯಾಬಿನ್ ಲಾರಿಯೋನು ಒಬ್ಬ ನಿಂತಿದ್ದ.

"ಮುಂದಕ್ಕೆ ಆಗುತ್ತಾ ಅಣ್ಣಾ?"

"ಓ, ಆರಾಮಾಗಿ! ಹೊಸದೇ ಅನ್ಕೋ."

ಅಯ್ಯಾ, ನನ್ನ ಕಡಿದು ದನಕ್ಕೆ ನೀರಿನ ತೊಟ್ಟಿ ಮಾಡಿ. ಮಕ್ಕಳಿಗೆ ಜೋಕಾಲಿ ಕಟ್ಟಿ. ಒಲೆಗಾದ್ರೂ ಹಾಕಿ. ಇನ್ನೊಬ್ಬನ ಸ್ಟೇರಿಂಗ್ ಕೆಳಗೆ ಮಾತ್ರ ಹಾಕ್ಬೇಡಿ. ಅವನ ಹೆಸರು ನಂಗೆ ಗೊತ್ತಿಲ್ಲ, ಊರು ಗೊತ್ತಿಲ್ಲ. ಇದನ್ನ ನಿಮಗೆ ಗೊತ್ತಿರೋ ಡ್ರೈವರ್‌ಗೆ ಕಳಿಸಿ. ಅವನು ಇನ್ನೊಬ್ಬನಿಗೆ ಕಳಿಸ್ಲಿ. ಆ ಹಳದಿ ಲಾರಿಯೋನ ಕಿವಿಗೆ ಬೀಳೋವರೆಗೂ ಕಳಿಸ್ತಾನೇ ಇರಿ.