ನಾಲ್ಕನೆಯ ದಿಬ್ಬ

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದೆ ತೋಟಪ್ಪನವರ ವಿಡಿಯೋ ಗೇಮ್ ಅಂಗಡಿ. ತೊಂಬತ್ತೇಳರ ನವರಾತ್ರಿ. ಎಂಟು ದಿನದಿಂದ ಅಲ್ಲಿಯ ಒಂದು ಆಟದ ಪೆಟ್ಟಿಗೆ ಆರಿರಲಿಲ್ಲ. ಕರೆಂಟು ಹೋದರೆ ಸ್ಕೂಟರ್ ಬ್ಯಾಟರಿಯಿಂದ ವಯರು ಎಳೆಯುತ್ತಿದ್ದರು. ಆರಿದರೆ ಕುಪ್ಪಗಡ್ಡೆಯ ಮಾಲತೇಶ ಅದರೊಳಗೆ ಕಟ್ಟಿದ ಬೈಕ್ ಓಟದ ದಾರಿ ಅಳಿಸಿಹೋಗುತ್ತಿತ್ತು. ಕಟ್ಟಿದ್ದನ್ನು ಉಳಿಸಿಕೊಳ್ಳುವ ವಿದ್ಯೆ ಆ ಅಗ್ಗದ ಕ್ಯಾಸೆಟ್ಟಿಗೆ ಗೊತ್ತಿರಲಿಲ್ಲ.

ತೋಟಪ್ಪ ಸೊರಬದಲ್ಲಿ ಇನ್ನೊಂದು ಅಂಗಡಿ ತೆಗೆಯುವವರಿದ್ದರು. "ದಶಮಿ ದಿವ್ಸ ಯಾರ ದಾರಿ ಜನ ಮೆಚ್ತಾರೋ, ಸೊರಬದ ಕೀಲಿ ಅವ್ರಿಗೆ. ನನ್ ಮಗ ಆದ್ರೂ ಅಷ್ಟೆ, ಹೊರಗಿನೋನಾದ್ರೂ ಅಷ್ಟೆ" ಎಂದಿದ್ದರು. ಮಗ ಚನ್ನೇಶ ಇನ್ನೊಂದು ಪೆಟ್ಟಿಗೆಯಲ್ಲಿ ಕಟ್ಟಿದ ದಾರಿಯೋ ಅಂಗೈಯಷ್ಟು ಸಪಾಟು. ಮಾಲತೇಶನದು ಮೂರು ದಿಬ್ಬ ಹಾರಿಸಿ, ಹಾರಿದವನು ಮೆರೆಯುತ್ತಿರುವಾಗಲೇ ನಾಲ್ಕನೆಯದರಲ್ಲಿ ಕೆಡವುವ ದಾರಿ. ಎರಡು ಸಲ ಪಿಯುಸಿ ಫೇಲಾದವನಿಗೆ ಆ ಕೀಲಿಯೊಂದೇ ಗತಿ.

ನವಮಿಯ ಬೆಳಿಗ್ಗೆ ತೋಟಪ್ಪ ವಿಭೂತಿ ತಟ್ಟೆ ಹಿಡಿದು ಬಂದರು. "ಆಯುಧ ಪೂಜೆ ಕಣಪ್ಪ. ಇವತ್ತು ಯಂತ್ರ ಮಲಗ್ಬೇಕು. ಎಬ್ಬಿಸ್ದೋನೇ ಮಲಗಿಸ್ಲಿ. ನಾಳೆ ನಾಕು ಗಂಟೆಗೆ ಬಂದು ಮತ್ತೆ ಕಟ್ಟುವಂತೆ."

ಮಾಲತೇಶ ಕೈಮುಗಿದು ಗುಂಡಿ ಒತ್ತಿದ. ಕೆಂಪು ದೀಪ ಆರಿತು.

"ಹೋತಲ್ಲೋ ನಿನ್ ಸಂಸಾರ!" ಚನ್ನೇಶ ನಕ್ಕ.

"ಎಲ್ಲಿ ಹೋಗ್ತದೆ? ಬಾಯಲ್ಲೇ ಐತಲ್ಲ."

ನಿಜವೇ. ಪ್ರತಿ ದಿಬ್ಬಕ್ಕೂ ಆಟದಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ; ಅದೇ ಸಾಲಿನಲ್ಲಿ ಒತ್ತಿದರೆ ಅದೇ ದಾರಿ ಮತ್ತೆ ಏಳುತ್ತಿತ್ತು. ಆ ಅಕ್ಷರಗಳನ್ನೆಲ್ಲ ಅವನು ಅಜ್ಜಿ ಹುಚ್ಚಮ್ಮ ಕಲಿಸಿದ ಷಟ್ಪದಿಯ ಧಾಟಿಗೆ ಕೂರಿಸಿಕೊಂಡಿದ್ದ.

"ಹಂಗಾರೆ ದೇವ್ರ ಮುಂದೆ ಹಾಡೋ. ವಿದ್ಯೆನೂ ಆಯುಧಾನೇ. ಪೂಜೆಗೆ ಇಡು" ಎಂದರು ತೋಟಪ್ಪ, ಕಣ್ಣು ಮುಚ್ಚಿ.

ದೇವರ ಹೆಸರಿಗೆ ಒಲ್ಲೆನೆನ್ನುವುದು ಅವನಿಗೆ ಗೊತ್ತಿರಲಿಲ್ಲ. ಹಾಡಿದ. ಎ, ಸಿ, ಸಿ, ಎಲ್... ದನಿ ದಿಬ್ಬ ಹತ್ತಿತು, ಇಳಿಯಿತು.

"ಆಹಾ! ಇನ್ನೊಂದ್ಸಲ. ನಿಧಾನಕ್ಕೆ."

ನಿಧಾನಕ್ಕೂ ಹಾಡಿದ. ಬೆನ್ನ ಹಿಂದೆ ಚನ್ನೇಶ ಚಂದಾ ಪುಸ್ತಕದ ಮೇಲೆ ಏನೋ ಗೀಚುತ್ತಿದ್ದ. ಹಬ್ಬದ ದಿನ ಯಾರದೋ ಚಂದಾ ಇರಬೇಕೆಂದುಕೊಂಡ ಮಾಲತೇಶ.

ದಶಮಿಯ ದಿನ ನಾಲ್ಕಕ್ಕೆ ಸರಿಯಾಗಿ ಬಂದ. ಅಂಗಡಿ ಆಗಲೇ ಕಿಕ್ಕಿರಿದಿತ್ತು. ಟಿವಿಯಲ್ಲಿ ಅವನದೇ ದಾರಿ. ನಾಲ್ಕನೆಯ ದಿಬ್ಬದಲ್ಲಿ ಬಿದ್ದವರನ್ನು ಕಂಡು ಜನ ಕೇಕೆ ಹಾಕುತ್ತಿದ್ದರು. "ಎಂಥಾ ದಾರಿ ಕಟ್ಟೀಯೋ ಚನ್ನೇಶಾ!" ಸೊರಬದ ಕೀಲಿ ಚನ್ನೇಶನ ಬೆರಳಲ್ಲಿ ತಿರುಗುತ್ತಿತ್ತು.

"ಇದು ನಂದು ರೀ" ಎಂದ ಮಾಲತೇಶ.

"ನಿಂದನ್ನ ನಿನ್ನೆ ನೀನೇ ಆರಿಸಿದ್ಯಲ್ಲಪ್ಪ" ಎನ್ನುತ್ತ ತೋಟಪ್ಪ ಮುಂದೆ ಬಂದರು.

"ನಾನು ಹಾಡಿದ್ದು?"

"ದೇವ್ರ ಮುಂದೆ ಇಟ್ಟದ್ದು ಪ್ರಸಾದ" ಎಂದರು ತೋಟಪ್ಪ, ಬಲು ಮೆತ್ತಗೆ. "ಪ್ರಸಾದಕ್ಕೆ ವಾರಸುದಾರ ಇರ್ತಾನೇನೋ? ತಗೋ."

ಅವರು ಚಾಚಿದ್ದು ಬನ್ನಿಯ ಎಲೆ. "ಬನ್ನಿ ತಗಂಡು ಬಂಗಾರದಂಗಿರೋಣ."

ಹಬ್ಬದ ದಿನ ಹಿರಿಯರು ಕೊಟ್ಟ ಬನ್ನಿಯನ್ನು ಬೇಡವೆನ್ನುವಂತಿಲ್ಲ; ತೆಗೆದುಕೊಂಡವನು ಕಾಲು ಮುಟ್ಟದೆ ಹೋಗುವಂತಿಲ್ಲ. ಮಾಲತೇಶ ಬಗ್ಗಿದ. ಅದೇ ಹೊತ್ತಿಗೆ ಟಿವಿಯಲ್ಲಿ ಯಾರೋ ಮೂರು ದಿಬ್ಬ ದಾಟಿದ್ದರು. ಜನ ಉಸಿರು ಬಿಗಿಹಿಡಿದರು, ಆಮೇಲೆ ಘೊಳ್ಳೆಂದು ನಕ್ಕರು.